ಬೀಳುವ ಮೊದಲೇ ಹುಡುಕಿ: ಮನೆಯ ಹಿರಿಯರಿಗೆ ಕೇರ್ ಹೋಮ್ ಆರಿಸುವುದು ಹೇಗೆ

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದದ್ದು ಒಂದು ಮಂಗಳವಾರ. ಸೊಂಟದ ಮೂಳೆ ಮುರಿದಿತ್ತು. ಶುಕ್ರವಾರ ಆಪರೇಷನ್ ಆಯಿತು, ಮುಂದಿನ ಮಂಗಳವಾರ ಡಿಸ್ಚಾರ್ಜ್ ಎಂದರು. ಹಾವೇರಿಯ ಮನೆಯಲ್ಲಿ ಅವರು ಒಬ್ಬರೇ. ನಾನು ಬೆಂಗಳೂರಿನಲ್ಲಿ, ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ. ಅಣ್ಣ ಅಮೆರಿಕದಲ್ಲಿ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ಹುಡುಕಿ, ಫೋಟೊ ನೋಡಿ, ಎರಡು ಕಡೆ ಫೋನ್ ಮಾಡಿ, ಬೆಂಗಳೂರಿನ ಹೊರವಲಯದಲ್ಲಿ ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಕೇರ್ ಹೋಮ್‌ಗೆ ಅಡ್ವಾನ್ಸ್ ಕಟ್ಟಿಬಿಟ್ಟೆ. ಅಲ್ಲಿ ಐದನೇ ವಾರಕ್ಕೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಅಮ್ಮನ ಬೆನ್ನ ಕೆಳಗೆ ಹುಣ್ಣಾಯಿತು.

ನಮ್ಮ ಸೋದರತ್ತೆ ಬೇರೆ ಥರ ಮಾಡಿದರು. ಮದುವೆಯಾಗಲಿಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದವರು. 71ನೇ ವಯಸ್ಸಿನಲ್ಲಿ, ಇನ್ನೂ ದಿನಾ ಸಂಜೆ ವಾಕಿಂಗ್ ಹೋಗುತ್ತಿದ್ದಾಗಲೇ, ತಾವೇ ಆರು ಜಾಗ ನೋಡಿ ಬಂದರು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಅಂಕ ಹಾಕಿಟ್ಟರು. 75ಕ್ಕೆ ಹೋಗಿ ಸೇರಿದರು. ಅಮ್ಮನ ಪೆನ್ಶನ್, ಅತ್ತೆಯ ಪೆನ್ಶನ್ ಹೆಚ್ಚುಕಡಿಮೆ ಒಂದೇ. ಅತ್ತೆಗೆ ನಾಲ್ಕು ವರ್ಷ ಸಮಯವಿತ್ತು, ಅಮ್ಮನಿಗೆ ನಾಲ್ಕು ದಿನ.

ಹಾಗಾಗಿ ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಹಿರಿಯರು ಇನ್ನೂ ಓಡಾಡಿಕೊಂಡಿದ್ದರೆ, ಈ ತಿಂಗಳೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಶುರು ಮಾಡುವುದು ಎಂದರೆ ಸೇರಿಸುವುದು ಅಂತಲ್ಲ. ಮಾತಾಡುವುದು, ನೋಡಿ ಬರುವುದು, ಕಾಗದಪತ್ರ ಸರಿಮಾಡಿಕೊಳ್ಳುವುದು, ಅಷ್ಟೇ.

ಮೊದಲು ಮಾತು

ಯಾರಿಗೂ ಹುಷಾರಿಲ್ಲದ ದಿನ ಈ ಮಾತು ಎತ್ತಬೇಡಿ. ಹಬ್ಬ ಮುಗಿದ ಮಾರನೇ ದಿನ, ಎಲ್ಲರೂ ಊಟ ಮಾಡಿ ಕೂತಿರುವಾಗ ಎತ್ತಿ. "ವೃದ್ಧಾಶ್ರಮ" ಎಂಬ ಪದದಿಂದ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು, ಏಕೆಂದರೆ ನಮ್ಮಲ್ಲಿ ಆ ಪದ ಕೇಳಿದ ತಕ್ಷಣ ಮಕ್ಕಳು ಬಿಟ್ಟುಹೋದ ಮುದುಕರ ಚಿತ್ರವೇ ಕಣ್ಣಿಗೆ ಬರುತ್ತದೆ. ಸಣ್ಣ ಪ್ರಶ್ನೆ ಕೇಳಿ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಭಯ ಆಗುತ್ತಾ? ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು ಮಾಡ್ತೀಯಾ? ನನಗೇ ಜ್ವರ ಬಂದು ಹದಿನೈದು ದಿನ ಬರಲಾಗದಿದ್ದರೆ ನಿನ್ನನ್ನು ಯಾರು ನೋಡ್ತಾರೆ? ಉತ್ತರ ಬರುವವರೆಗೂ ಸುಮ್ಮನೆ ಕೂತಿರಿ. ಮೊದಲ ಸಲ "ಅದೆಲ್ಲ ಈಗ ಯಾಕೆ" ಎಂದೇ ಹೇಳುತ್ತಾರೆ, ಮೂರನೇ ಸಲ ನಿಜ ಹೇಳುತ್ತಾರೆ.

ನೆಂಟರು ಏನಾದರೂ ಅನ್ನುತ್ತಾರೆ. ನಮಗೂ ಅಂದರು, ನೋವಾಯಿತು. ಹಾಗೆ ಅನ್ನುವವರನ್ನು ಜಗಳವಾಡದೆ ಒಂದೇ ಮಾತು ಕೇಳಿ: ವಾರಕ್ಕೆ ಎರಡು ರಾತ್ರಿ ಬಂದು ಇರುತ್ತೀರಾ? ಯಾರಾದರೂ ಹೂಂ ಎಂದರೆ ಅದೂ ಒಂದು ಒಳ್ಳೆಯ ದಾರಿಯೇ, ಅದನ್ನು ಬಿಡಬೇಡಿ.

ಅಣ್ಣತಮ್ಮಂದಿರು, ಅಕ್ಕತಂಗಿಯರು ಒಮ್ಮೆ ವಿಡಿಯೊ ಕಾಲ್‌ನಲ್ಲಿ ಕೂತು ಮೂರು ವಿಷಯ ತೀರ್ಮಾನ ಮಾಡಿಕೊಳ್ಳಬೇಕು. ದುಡ್ಡು ಯಾರು ಎಷ್ಟು ಕೊಡುತ್ತಾರೆ, ಯಾರು ಹೋಗಿ ನೋಡಿಬರುತ್ತಾರೆ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂದರೆ ಯಾರ ಮಾತೇ ಕೊನೆ. ಅದನ್ನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆದಿಡಿ.

ನಿಜಕ್ಕೂ ಎಷ್ಟು ಸಹಾಯ ಬೇಕು

ಒಂದು ವಾರ ಅವರ ಜೊತೆ ಇದ್ದು ಆರು ಕೆಲಸ ಗಮನಿಸಿ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ತಾವೇ ಊಟ ಮಾಡುವುದು. ಡಾಕ್ಟರುಗಳು ನೋಡುವುದೂ ಇವನ್ನೇ. ಜೊತೆಗೆ ಮಾತ್ರೆ ಸರಿಯಾಗಿ ನುಂಗುತ್ತಾರಾ, ಗ್ಯಾಸ್ ಆರಿಸುತ್ತಾರಾ ಎಂದೂ ನೋಡಿ. ಒಂದೆರಡಕ್ಕೆ ಮಾತ್ರ ಸಹಾಯ ಬೇಕಿದ್ದರೆ ಮನೆಯಲ್ಲೇ ಆಗುತ್ತದೆ. ಬಚ್ಚಲಲ್ಲಿ ಹಿಡಿಕೆ, ಜಾರದ ಮ್ಯಾಟ್, ಕಮೋಡ್, ರಾತ್ರಿ ದೀಪ, ಬೆಳಿಗ್ಗೆ ಬಂದು ನಾಲ್ಕು ತಾಸು ಇದ್ದು ಹೋಗುವ ಒಬ್ಬ ಹೆಣ್ಣುಮಗಳು ಸಾಕು. ಇಷ್ಟು ಮೊದಲೇ ಮಾಡಿದ್ದರೆ ನಮ್ಮಮ್ಮ ಬೀಳುತ್ತಿರಲಿಲ್ಲವೇನೋ. ಮೂರಕ್ಕಿಂತ ಜಾಸ್ತಿ ಕೆಲಸಕ್ಕೆ ಕೈಹಿಡಿಯಬೇಕು, ಅಥವಾ ರಾತ್ರಿ ಎದ್ದು ಮನೆಯಿಂದ ಹೊರಗೆ ಹೋಗುತ್ತಾರೆ ಎಂದಾದರೆ ಇಪ್ಪತ್ನಾಲ್ಕು ಗಂಟೆ ಜನ ಬೇಕು. ಒಬ್ಬರೇ ಹೋಮ್ ನರ್ಸ್ ಹಗಲೂ ರಾತ್ರಿ ಅದನ್ನು ಮಾಡಲು ಆಗುವುದಿಲ್ಲ, ಅವರೂ ಮನುಷ್ಯರು.

ಮರೆವು ಶುರುವಾಗಿದ್ದರೆ "ವಯಸ್ಸಾಯಿತು" ಎಂದು ಬಿಡಬೇಡಿ. ಥೈರಾಯ್ಡ್, ಬಿ12 ಕೊರತೆ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಔಷಧಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಕ್ಲಿನಿಕ್ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರಿಗಾಗಿಯೇ ಕೇಂದ್ರ ನಡೆಸುತ್ತಾರೆ.

ಇನ್ನು ಹೆಸರುಗಳ ಗೊಂದಲ. ಸೀನಿಯರ್ ಲಿವಿಂಗ್ ಎಂದರೆ ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿರುವವರ ಅಪಾರ್ಟ್‌ಮೆಂಟ್, ಊಟ, ಕಾವಲು, ಕ್ಲಬ್‌ಹೌಸ್ ಇರುತ್ತದೆ. ಅಸಿಸ್ಟೆಡ್ ಲಿವಿಂಗ್ ಎಂದರೆ ಸ್ನಾನ, ಮಾತ್ರೆ, ಓಡಾಟಕ್ಕೆ ಕೈಹಿಡಿಯುವ ಜನ ಇರುವ ಜಾಗ. ಹಾಸಿಗೆ ಹಿಡಿದವರಿಗೆ, ಡಿಮೆನ್ಷಿಯಾ ಇರುವವರಿಗೆ ಬೇಕಾದ್ದು ಇನ್ನೊಂದು ಹಂತ. ಬೋರ್ಡಿನ ಮೇಲೆ ಏನು ಬರೆದಿದೆ ಎನ್ನುವುದನ್ನು ನಂಬಬೇಡಿ. "ನಾಳೆ ಅಮ್ಮ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಕರೆದುಕೊಂಡು ಹೋಗಿ ಅನ್ನುತ್ತೀರಾ?" ಎಂದು ಮೊದಲ ಫೋನಿನಲ್ಲೇ ಕೇಳಿ. ಅರ್ಧ ಪಟ್ಟಿ ಅಲ್ಲೇ ಕಡಿಮೆಯಾಗುತ್ತದೆ.

ದುಡ್ಡಿನ ಲೆಕ್ಕ

ಬೆಂಗಳೂರಿನಲ್ಲಿ ನಾವು ವಿಚಾರಿಸಿದ ಕಡೆಗಳಲ್ಲಿ ತಿಂಗಳಿಗೆ 30 ಸಾವಿರದಿಂದ 80 ಸಾವಿರದವರೆಗೆ ಹೇಳಿದರು. ಅದರ ಮೇಲೆ ಡೈಪರ್, ಫಿಸಿಯೊಥೆರಪಿ, ಡಾಕ್ಟರ್ ಬಂದುಹೋದ ಫೀಸು, ಆಂಬುಲೆನ್ಸ್ ಎಲ್ಲ ಬೇರೆ. ಜಿಎಸ್‌ಟಿ ಸೇರಿಸಿ ಹೇಳುತ್ತಿದ್ದಾರಾ ಎಂದು ಕೇಳಿ.

ಐದು ವರ್ಷದ ಲೆಕ್ಕ ಹಾಕಿ. ತಿಂಗಳಿಗೆ 45 ಸಾವಿರ ಎಂದರೆ ವರ್ಷಕ್ಕೆ 5.4 ಲಕ್ಷ. ವರ್ಷಕ್ಕೆ ಶೇ 8ರಷ್ಟು ಏರಿಸಿದರೆ ಐದು ವರ್ಷಕ್ಕೆ ಸುಮಾರು 32 ಲಕ್ಷ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು. ಶೇ 8.2 ಬಡ್ಡಿಯಲ್ಲಿ ಅದು ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಕೊಡುತ್ತದೆ, ಅಂದರೆ ತಿಂಗಳಿಗೆ 20,500. ಪೆನ್ಶನ್, ಬಡ್ಡಿ, ಮನೆ ಬಾಡಿಗೆ ಕೂಡಿಸಿ ಎಷ್ಟು ಸಾಲದು ಎನ್ನುವ ಸಂಖ್ಯೆ ಮಕ್ಕಳೆಲ್ಲರ ಎದುರಿಗೆ ಇರಲಿ.

ಸಾಮಾನ್ಯ ಆರೋಗ್ಯ ವಿಮೆ ಕೇರ್ ಹೋಮ್‌ನ ತಿಂಗಳ ಖರ್ಚು ಕೊಡುವುದಿಲ್ಲ, ಆಸ್ಪತ್ರೆಗೆ ಸೇರಿದರೆ ಮಾತ್ರ. ಆದರೂ ಮಾಡಿಸಿ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿ ಸಿಗುವಂತೆ ನಿಯಮ ಬದಲಾಗಿದೆ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಅದಕ್ಕೇ ಬೇಗ ಮಾಡಿಸಿ ಎನ್ನುವುದು.

ಕೈಯಲ್ಲಿ ಏನೂ ಇಲ್ಲದವರ ಮಾತು ಬೇರೆ. 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಬಡ ಹಿರಿಯರಿಗೆ ಜಾಗವಿರುವ ಆಶ್ರಮದ ಮಾತು ಹೇಳುತ್ತದೆ. ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಿ, ಅಥವಾ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಆ ಫೋನಿಗೆ ಕಾಸು ಕೊಡಬೇಕಿಲ್ಲ.

ಕಾಗದಪತ್ರ, ನೆನಪು ಚೆನ್ನಾಗಿರುವಾಗಲೇ

ಇಲ್ಲಿ ತುಂಬಾ ಜನ ಎಡವುವುದು ಒಂದು ನಂಬಿಕೆಯಿಂದ. "ಪವರ್ ಆಫ್ ಅಟಾರ್ನಿ ಮಾಡಿಸಿದ್ದೇವೆ, ಇನ್ನೇನು ಚಿಂತೆ" ಎನ್ನುತ್ತಾರೆ. ತಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ ಅದು. ನಮ್ಮ ಕಾನೂನಿನಲ್ಲಿ ಅದನ್ನು ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಅಂದರೆ ನಿಮಗೆ ಅದು ಬಹಳ ಬೇಕಾಗುವ ಹೊತ್ತಿಗೇ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಗಾರ್ಡಿಯನ್ ಆಗಲು ಕೋರ್ಟಿಗೇ ಹೋಗಬೇಕು. ಆದ್ದರಿಂದ ಬ್ಯಾಂಕ್ ಖಾತೆಯನ್ನು ಈಗಲೇ ಜಂಟಿ ಮಾಡಿಸಿ, "ಐದರ್ ಆರ್ ಸರ್ವೈವರ್" (ಇಬ್ಬರಲ್ಲಿ ಯಾರಾದರೂ, ಒಬ್ಬರು ತೀರಿಕೊಂಡರೆ ಉಳಿದವರು, ಖಾತೆ ನಡೆಸಬಹುದು) ಎಂದು ಬರೆಸಿ. ನಾಮಿನಿ ಹೆಸರು ನೋಡಿಕೊಳ್ಳಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ನಾಮಿನಿಗಳನ್ನು ಹಾಕಬಹುದು.

ವಿಲ್ ಬರೆಸಿ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ಇಬ್ಬರು ಸಾಕ್ಷಿಗಳು ಬೇಕು. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಒಳ್ಳೆಯದು. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರಲಿ. ಬದುಕಿರುವಾಗಲೇ ಮಕ್ಕಳ ಹೆಸರಿಗೆ ಮನೆ ದಾನಪತ್ರ ಮಾಡಿಕೊಡಬೇಕೆಂದು ಹಿರಿಯರು ಹಟ ಹಿಡಿದರೆ, "ಕೊನೆಯವರೆಗೂ ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಅಂಥ ಷರತ್ತಿದ್ದು ನೋಡಿಕೊಳ್ಳದೆ ಹೋದರೆ ಉಪವಿಭಾಗಾಧಿಕಾರಿಯ ಟ್ರಿಬ್ಯುನಲ್ ಆ ಪತ್ರವನ್ನು ರದ್ದು ಮಾಡಬಹುದು. ಷರತ್ತು ಬರೆಯದಿದ್ದಾಗ ಎಷ್ಟೋ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಎಳೆದಾಡಿವೆ. ಮಕ್ಕಳಾದ ನಾವೇ ಇದನ್ನು ಹೇಳಬೇಕು, ಅವರು ಸಂಕೋಚದಿಂದ ಕೇಳುವುದಿಲ್ಲ.

ಇನ್ನೊಂದು ಕಾಗದ ಮಾತಾಡಲು ಕಷ್ಟ. ಕೊನೆಯ ಘಟ್ಟದಲ್ಲಿ ವೆಂಟಿಲೇಟರ್ ಬೇಕಾ, ಮೂಗಿಗೆ ಕೊಳವೆ ಬೇಕಾ ಎನ್ನುವುದನ್ನು ಮೊದಲೇ ಬರೆದಿಡುವ ಲಿವಿಂಗ್ ವಿಲ್. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು, 2023ರಲ್ಲಿ ಸುಲಭ ಮಾಡಿತು. ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶವನ್ನೂ ಹೊರಡಿಸಿದೆ. ಅತ್ತೆ ಬರೆದಿಟ್ಟಿದ್ದಾರೆ. ಅಮ್ಮ ಬರೆದಿರಲಿಲ್ಲ. ಕೊನೆಯಲ್ಲಿ ನಾನೂ ಅಣ್ಣನೂ ಫೋನಿನಲ್ಲಿ ಅಳುತ್ತಾ ತೀರ್ಮಾನ ಮಾಡಬೇಕಾಯಿತು, ಅದು ಸರಿಯೋ ತಪ್ಪೋ ಎಂದು ಇವತ್ತಿಗೂ ಯೋಚನೆ ಬರುತ್ತದೆ.

ಸಣ್ಣದಾದರೂ ದೊಡ್ಡ ತಲೆನೋವು ಕೊಡುವುದು ಮೊಬೈಲ್ ನಂಬರ್. ಆಧಾರ್, ಬ್ಯಾಂಕ್, ಪೆನ್ಶನ್, ವಿಮೆ ಎಲ್ಲದಕ್ಕೂ ಒಟಿಪಿ ಯಾವ ನಂಬರಿಗೆ ಬರುತ್ತದೆ? ಕೇರ್ ಹೋಮ್‌ನಲ್ಲಿ ಫೋನ್ ಕಳೆದುಹೋಗುತ್ತದೆ, ರೀಚಾರ್ಜ್ ಮುಗಿಯುತ್ತದೆ. ಎಲ್ಲಾ ಕಡೆ ಒಂದೇ ನಂಬರ್ ಇರಲಿ, ಆ ಸಿಮ್ ನಂಬಿಕೆಯವರ ಕೈಯಲ್ಲಿ ಜೀವಂತವಾಗಿರಲಿ. ಪೆನ್ಶನ್ ಬರುವವರು ಸಾಮಾನ್ಯವಾಗಿ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. ವಯಸ್ಸಾದವರ ಬೆರಳಿನ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ, ಆಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಮಾಡಬಹುದು. ಅವರು ಮಲಗಿದ್ದ ಕಡೆಯೇ ಆಗುತ್ತದೆ.

ಜಾಗ ನೋಡಲು ಹೋಗುವುದು

ಎಲ್ಲಿ ಹುಡುಕಬೇಕು? ಎಷ್ಟು ಚೆಂದದ ಜಾಗ ಎನ್ನುವುದಕ್ಕಿಂತ, ನಮ್ಮವರು ಯಾರಾದರೂ ಹೇಳದೆ ಕೇಳದೆ ಅರ್ಧ ಗಂಟೆಯಲ್ಲಿ ಹೋಗಿ ನಿಲ್ಲಬಹುದಾದ ಜಾಗ ಮೊದಲು. ಅದು ಮಗನೇ ಆಗಬೇಕೆಂದಿಲ್ಲ, ಚಿಕ್ಕಮ್ಮನ ಮಗಳಾದರೂ ಸರಿ, ಹಳೆಯ ಸ್ನೇಹಿತೆಯಾದರೂ ಸರಿ. ವಿದೇಶದಲ್ಲಿರುವ ಮಕ್ಕಳಿಗಂತೂ ಇದೇ ಮುಖ್ಯ. ಕ್ಯಾಮೆರಾದಲ್ಲಿ ಬೆನ್ನಿನ ಹುಣ್ಣು ಕಾಣುವುದಿಲ್ಲ.

ಮೊದಲ ಸಲ ಹೇಳಿ ಹೋಗಿ. ಎರಡನೇ ಸಲ ಹೇಳದೆ ಹೋಗಿ, ಸಂಜೆ ಏಳಕ್ಕೆ ಅಥವಾ ಭಾನುವಾರ. ಬಾಗಿಲಲ್ಲೇ ತಡೆದು ಒಳಗೆ ಬಿಡಲೇ ಇಲ್ಲ ಎಂದರೆ ಅದೂ ಒಂದು ಉತ್ತರ. ಒಳಗೆ ಹೋದಾಗ ಲಾಬಿ ನೋಡಬೇಡಿ, ಅಲ್ಲಿರುವ ಹಿರಿಯರನ್ನು ನೋಡಿ. ಉಗುರು ಕತ್ತರಿಸಿದ್ದಾರಾ? ಕನ್ನಡಕ ಒರೆಸಿದೆಯಾ? ಕಿವಿಯ ಮಷಿನ್ ಕಿವಿಯಲ್ಲಿದೆಯಾ, ಡಬ್ಬಿಯಲ್ಲಿದೆಯಾ? ನೀರಿನ ಲೋಟ ಕೈಗೆ ಸಿಗುವಷ್ಟು ಹತ್ತಿರ ಇದೆಯಾ? ಒಂದೊಂದು ಸಲ ಮೂತ್ರದ ವಾಸನೆ ಬಂದೇ ಬರುತ್ತದೆ, ಆದರೆ ಎರಡು ಸಲ ಹೋದಾಗಲೂ ಇಡೀ ಮಹಡಿ ಅದೇ ವಾಸನೆ ಇದ್ದರೆ ಬೇಡ. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಮಂಪರಿನಲ್ಲಿ ತೂಗುತ್ತಿದ್ದರೆ ನಿದ್ದೆ ಮಾತ್ರೆ ಯಾರು ಯಾಕೆ ಕೊಡುತ್ತಾರೆ ಎಂದು ಕೇಳಿ. ಯಾರದಾದರೂ ಕೈ ಕಟ್ಟಿದ್ದು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಬಚ್ಚಲಿಗೆ ಹೋಗಿ ನೆಲದ ಮೇಲೆ ಕೂತು ನೋಡಿ, ನಿಜವಾಗಿ ಹೇಳುತ್ತಿದ್ದೇನೆ. ಬಿದ್ದವರಿಗೆ ಅಲ್ಲಿಂದ ಕರೆಗಂಟೆ ಸಿಗುತ್ತದಾ? ಬಾಗಿಲು ಹೊರಗೆ ತೆರೆಯುತ್ತದಾ? ಒಳಗೆ ತೆರೆಯುವ ಬಾಗಿಲಾದರೆ ಬಿದ್ದವರ ಮೈಯೇ ಅಡ್ಡವಾಗುತ್ತದೆ.

ಮ್ಯಾನೇಜರ್‌ಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು: "ಕಳೆದ ತಿಂಗಳು ಇಲ್ಲಿ ಯಾರು ಬಿದ್ದರು, ಆಗ ಏನು ಮಾಡಿದಿರಿ?" ಯಾರೂ ಬೀಳುವುದೇ ಇಲ್ಲ ಎಂದರೆ ನಂಬಬೇಡಿ. ಎಪ್ಪತ್ತೆಂಬತ್ತು ದಾಟಿದವರು ಮೂವತ್ತು ಜನ ಇರುವ ಕಡೆ ಬೀಳುತ್ತಾರೆ. ಬಿದ್ದ ಮೇಲೆ ಯಾರು ಎತ್ತಿದರು, ಮನೆಗೆ ಎಷ್ಟು ಹೊತ್ತಿಗೆ ಫೋನ್ ಹೋಯಿತು, ಆಂಬುಲೆನ್ಸ್‌ನಲ್ಲಿ ಜೊತೆಗೆ ಯಾರು ಹೋದರು ಎಂದು ತಡವರಿಸದೆ ಹೇಳುವವರು ಒಳ್ಳೆಯವರು. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ, ಅವರಲ್ಲಿ ತರಬೇತಿ ಪಡೆದ ನರ್ಸ್ ಎಷ್ಟು, ಅಟೆಂಡರ್ ಎಷ್ಟು ಎಂದು ಬಿಡಿಸಿ ಕೇಳಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದನ್ನು ಬರೆಯುವ ಪುಸ್ತಕ ತೋರಿಸಿ ಎನ್ನಿ. ಅಮ್ಮನಿದ್ದ ಮೊದಲ ಜಾಗದಲ್ಲಿ ನಾನು ಅದನ್ನು ಕೇಳಿರಲಿಲ್ಲ, ಕೇಳಬೇಕೆಂದು ಗೊತ್ತೇ ಇರಲಿಲ್ಲ.

ಇನ್ನು ಭಾಷೆ. ಬೆಂಗಳೂರಿನ ಎಷ್ಟೋ ಕೇರ್ ಹೋಮ್‌ಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರು. ಅವರ ಮೇಲೆ ನನಗೆ ಒಂದು ಮಾತಿನ ದೂರೂ ಇಲ್ಲ, ಕಷ್ಟಪಟ್ಟು ದುಡಿಯುತ್ತಾರೆ. ಆದರೆ ನಮ್ಮಮ್ಮನಿಗೆ ಹಾವೇರಿಯ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. "ಬ್ಯಾನಿ ಆಗಾಕತ್ತೈತಿ" ಎಂದು ವಾರಗಟ್ಟಲೆ ಹೇಳಿದ್ದಾರೆ, ಅಲ್ಲಿ ಯಾರಿಗೂ ಅದು ನೋವು ಎಂದು ಅರ್ಥವಾಗಿಲ್ಲ. ಹುಣ್ಣು ಬೆಳೆದದ್ದು ಹಾಗೆ. ಮರೆವು ಬಂದವರಿಗೆ ನಂತರ ಕಲಿತ ಭಾಷೆಗಳು ಜಾರಿ ತಾಯಿನುಡಿ ಮಾತ್ರ ಉಳಿಯುವುದೂ ಉಂಟು. ಆದ್ದರಿಂದ ಪ್ರತಿ ಪಾಳಿಯಲ್ಲೂ, ಮುಖ್ಯವಾಗಿ ರಾತ್ರಿ, ಅವರ ಮಾತು ಅರ್ಥವಾಗುವವರು ಒಬ್ಬರಾದರೂ ಇದ್ದಾರಾ ಎಂದು ನೋಡಲೇಬೇಕು. ಇಲ್ಲದಿದ್ದರೆ ಹತ್ತು ಪದಗಳ ಚೀಟಿ ಮಾಡಿ ಮಂಚದ ಪಕ್ಕ ಅಂಟಿಸಿ. ನೀರು, ನೋವು, ಚಳಿ, ಚಾ, ಜಳಕ, ಒಂದಕ್ಕೆ, ಎರಡಕ್ಕೆ. ಪಕ್ಕದಲ್ಲಿ ಆ ಹುಡುಗಿಯರ ಲಿಪಿಯಲ್ಲೂ ಬರೆಸಿ, ಅವರೇ ಸಂತೋಷದಿಂದ ಬರೆದುಕೊಡುತ್ತಾರೆ.

ಊಟವೂ ಹಾಗೆಯೇ. ಎಪ್ಪತ್ತು ವರ್ಷ ಜೋಳದ ರೊಟ್ಟಿ ತಿಂದವರಿಗೆ ಮೂರು ಹೊತ್ತೂ ಅನ್ನ ಸಾಂಬಾರ್ ಇಟ್ಟರೆ ತಟ್ಟೆ ದೂಡುತ್ತಾರೆ, ಸಿಬ್ಬಂದಿ "ಊಟ ಸೇರುತ್ತಿಲ್ಲ" ಎಂದು ಬರೆಯುತ್ತಾರೆ. ನೋಡಲು ಹೋದಾಗ ಅಲ್ಲೇ ಊಟ ಮಾಡಿ.

ಒಪ್ಪಂದ ಓದಿ

ಡೆಪಾಸಿಟ್ ಎಷ್ಟು, ಬಿಟ್ಟುಹೋದರೆ ಎಷ್ಟು ದಿನದಲ್ಲಿ ವಾಪಸ್, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬಿಲ್ ಹಾಕುತ್ತಾರಾ, ಯಾವ ಕಾರಣಕ್ಕೆ ಅವರೇ ಹೊರಡಿ ಎನ್ನಬಹುದು, ಅಲ್ಲೇ ತೀರಿಕೊಂಡರೆ ಮುಂದಿನ ಕೆಲಸ ಯಾರದು. ಎಲ್ಲ ಬರವಣಿಗೆಯಲ್ಲಿರಲಿ. ಮೊದಲು ಎರಡು ವಾರದಿಂದ ಒಂದು ತಿಂಗಳು ಪ್ರಯೋಗಕ್ಕೆ ಇರಲು ಬಿಡುತ್ತಾರಾ ಕೇಳಿ. ಅತ್ತೆ ಹಾಗೆ ಎರಡು ಕಡೆ ಇದ್ದು ನೋಡಿದರು. ಹೆಚ್ಚು ಅಂಕ ಬಂದ ಜಾಗ ಅವರಿಗೆ ಇಷ್ಟವಾಗಲಿಲ್ಲ. ಎರಡನೆಯದರಲ್ಲಿ ಅಡುಗೆಯವರು ಇವರನ್ನು "ಟೀಚರ್" ಎಂದು ಕರೆದರಂತೆ, ಅಲ್ಲೇ ಉಳಿದರು. ಊರಿನ ಮನೆಯನ್ನು ಕನಿಷ್ಠ ಆರು ತಿಂಗಳು ಮಾರಬೇಡಿ, ಬಾಡಿಗೆಗೂ ಕೊಡಬೇಡಿ. ವಾಪಸ್ ಬರಲು ದಾರಿ ಇದೆ ಎಂದು ಗೊತ್ತಿದ್ದರೆ ಮನಸ್ಸು ಬೇಗ ಹೊಂದಿಕೊಳ್ಳುತ್ತದೆ.

ಸೇರಿಸಿದ ಮೇಲೆ

ಒಂದು ಪುಟ ಬರೆದುಕೊಡಿ. ಎಷ್ಟು ಗಂಟೆಗೆ ಏಳುತ್ತಾರೆ, ಚಾ ಕುಡಿಯದೆ ಮಾತಾಡುವುದಿಲ್ಲ, ಹಣೆಗೆ ಕುಂಕುಮ ಇರಲೇಬೇಕು, ಯಾವ ಹೆಸರಿನಿಂದ ಕರೆಯಬೇಕು, ಯಾವುದಕ್ಕೆ ಹೆದರುತ್ತಾರೆ. ಸಿಬ್ಬಂದಿ ಬದಲಾಗುತ್ತಲೇ ಇರುತ್ತಾರೆ, ಆ ಪುಟ ಉಳಿಯುತ್ತದೆ.

"ಎರಡು ವಾರ ಬರಬೇಡಿ, ಹೊಂದಿಕೊಳ್ಳಲಿ" ಎಂದು ಹೇಳುವವರಿದ್ದಾರೆ. ನಾನು ಆ ಮಾತು ಕೇಳಿದೆ, ತಪ್ಪು ಮಾಡಿದೆ. ಹೋಗಿ. ಬೇರೆ ಬೇರೆ ಹೊತ್ತಿಗೆ ಹೋಗಿ, ಬೆನ್ನು ಮತ್ತು ಹಿಮ್ಮಡಿ ನೋಡಿ, ತಿಂಗಳಿಗೊಮ್ಮೆ ತೂಕ ಕೇಳಿ. ಬಾಯಿಬಿಟ್ಟು ಹೇಳದಿದ್ದರೂ ಏನೋ ಸರಿಯಿಲ್ಲ ಎನ್ನುವುದು ಮೊದಲು ತೂಕದಲ್ಲೇ ಗೊತ್ತಾಗುತ್ತದೆ. ಚರ್ಮ ಕೆಂಪಗಾಗಿದ್ದರೆ ದಿನಾಂಕ ಬರುವಂತೆ ಫೋಟೊ ತೆಗೆದು, ಅವತ್ತೇ ಬರವಣಿಗೆಯಲ್ಲಿ ತಿಳಿಸಿ. ಸರಿಹೋಗದಿದ್ದರೆ 14567 ಇದೆ, ಬೆಂಗಳೂರಿನಲ್ಲಿ ಪೊಲೀಸರ ಜೊತೆ ಸೇರಿ ನಡೆಸುವ ಹಿರಿಯರ ಸಹಾಯವಾಣಿ 1090 ಇದೆ, ದುಡ್ಡಿನ ವಿಷಯಕ್ಕೆ ಗ್ರಾಹಕರ ನ್ಯಾಯಾಲಯವೂ ಇದೆ.

ಜಾಗ ಬದಲಿಸಲು ಹಿಂಜರಿಯಬೇಡಿ. ಡೆಪಾಸಿಟ್ ಹೋಗುತ್ತದೆ, ಮತ್ತೆ ಒಗ್ಗಿಕೊಳ್ಳುವುದು ಕಷ್ಟ ಎಂದೆಲ್ಲ ಯೋಚಿಸಿ ನಾವು ಹನ್ನೆರಡು ದಿನ ಕಳೆದೆವು, ಆ ಹನ್ನೆರಡು ದಿನ ಕಳೆಯಬಾರದಿತ್ತು. ಆಮೇಲೆ ಅಮ್ಮನನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆವು. ಹದಿನಾರು ಜನರಿದ್ದ ಸಣ್ಣ ಜಾಗ, ಲಾಬಿಯೂ ಇಲ್ಲ, ಕ್ಲಬ್‌ಹೌಸೂ ಇಲ್ಲ. ಚಿಕ್ಕಮ್ಮನ ಮಗಳ ಮನೆಯಿಂದ ಹತ್ತು ನಿಮಿಷ. ಹುಣ್ಣು ಮಾಯಲು ಎರಡೂವರೆ ತಿಂಗಳಾಯಿತು. ನಾನು ತಿಂಗಳಿಗೆ ಎರಡು ಸಲ ರಾತ್ರಿ ರೈಲಿಗೆ ಹೋಗುತ್ತಿದ್ದೆ, ಬೆಳಿಗ್ಗೆ ಹೋಗಿ ಕೂತರೆ ಅಮ್ಮ ತಮ್ಮ ತಟ್ಟೆಯ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡುತ್ತಿದ್ದರು. ಅಲ್ಲಿ ಅವರು ಎರಡು ವರ್ಷ ಏಳು ತಿಂಗಳು ಇದ್ದರು.